ಬಿಲ್ಲಿಗೆ ಕ್ಯೂಕೆ ಕೋಡ್ ಹಾಕಿದ್ರೂ ಎರರ್! ನಾಲ್ಕೇ ರೂಮ್ ಅಲ್ವಾ?

ರಾತ್ರಿಪಾಳಿ: ತಲೆ ಕೆಟ್ಟು ಹೋಗಿದೆ. ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಅನಸ್ತೇಸಿಯಾ (ಅರಿವಳಿಕೆ) ಚಾರ್ಟು, ಮೆಡಿಕೇರ್ (ಅಲ್ಲಿನ ಸರ್ಕಾರಿ ವಿಮೆ). ಒಬ್ರೇ ಡಾಕ್ಟರು, ನಾಲ್ಕು ರೂಮು, ಪ್ರತಿ ರೂಮಲ್ಲೂ ಸಿಆರ್‌ಎನ್‌ಎ, ಅಂದ್ರೆ ಅರಿವಳಿಕೆ ಕೊಡೋ ನರ್ಸು. ಡಾಕ್ಟರಿಗೆ ಕ್ಯೂಕೆ (ಎರಡರಿಂದ ನಾಲ್ಕು ಕೇಸ್ ಒಟ್ಟಿಗೆ ನೋಡ್ಕೊಂಡ್ರೆ ಹಾಕೋ ಕೋಡು), ಸಿಆರ್‌ಎನ್‌ಎಗೆ ಕ್ಯೂಎಕ್ಸ್ (ಡಾಕ್ಟರ ಕೆಳಗೆ ಮಾಡಿದ್ರೆ). ಆದ್ರೂ ಆಡಿಟ್‌ನಲ್ಲಿ ನಾಲ್ಕಕ್ಕೂ ಎರರ್. ಈ ತಿಂಗಳ ಇನ್ಸೆಂಟಿವ್ ಗೋತಾ.

ಬೇಸ್‌ಯೂನಿಟ್: ಡಾಕ್ಟರು ಮಾಡ್ಲೇಬೇಕಾದ ಏಳು ಸ್ಟೆಪ್ ಚಾರ್ಟಲ್ಲಿ ಇದೆಯಾ ನೋಡಿ. ಕಳ್ಳ ಯಾವಾಗ್ಲೂ ಅಲ್ಲೇ ಇರ್ತಾನೆ. ಎಮರ್ಜೆನ್ಸ್‌ಗೆ, ಅಂದ್ರೆ ಪೇಷೆಂಟ್‌ಗೆ ಎಚ್ಚರ ಆಗೋವಾಗ, ಡಾಕ್ಟರು ಇದ್ರು ಅಂತ ಸಹಿ ಇದೆಯಾ?

ರಾತ್ರಿಪಾಳಿ: ಏಳೂ ಇದೆ.

ಬೇಸ್‌ಯೂನಿಟ್: ಎಮರ್ಜೆನ್ಸ್ ಇನ್ನೊಂದ್ಸಲ ನೋಡಿ.

ರಾತ್ರಿಪಾಳಿ: ನೋಡ್ದೆ ಸಾರ್. ಇದೆ.

ಕಾಪಿಬುಕ್: ಇದು ಸೂಪರ್‌ವಿಷನ್ ಕೇಸಲ್ವಾ?

ಬೇಸ್‌ಯೂನಿಟ್: ಒಟ್ಟಿಗೆ ನಾಲ್ಕು ರೂಮಿನವರೆಗೆ ಡೈರೆಕ್ಷನ್, ದಾಟಿದ್ರೆ ಸೂಪರ್‌ವಿಷನ್. ಎರಡನ್ನೂ ಕಲಸಬೇಡಿ.

ಕಾಪಿಬುಕ್: ನಮ್ಮಲ್ಲಿ ಎಲ್ಲದಕ್ಕೂ ಸೂಪರ್‌ವಿಷನ್ ಅಂತಾನೇ ಅನ್ನೋದು.

ಬೇಸ್‌ಯೂನಿಟ್: ಹಾಗಾದ್ರೆ ನಿಮ್ಮಲ್ಲಿ ಎಲ್ರೂ ತಪ್ಪು.

ಮೂರುಮಾನಿಟರ್: ನನ್ನ ಮೇಜಿನ ಮೇಲೆ ಒಂದ್ರಲ್ಲಿ ಚಾರ್ಟು, ಒಂದ್ರಲ್ಲಿ ಎನ್‌ಕೋಡರ್ (ಕೋಡ್ ಹುಡುಕೋ ಸಾಫ್ಟ್‌ವೇರ್), ಉದ್ದಕ್ಕೆ ನಿಲ್ಲಿಸಿರೋದ್ರಲ್ಲಿ ಎಕ್ಸೆಲ್. ಒಂದೊಂದು ಕೇಸಿಗೆ ಒಂದೊಂದು ಬಣ್ಣದ ಪಟ್ಟಿ, ಕಾನ್‌ಕರೆನ್ಸಿ, ಅಂದ್ರೆ ಒಂದೇ ಹೊತ್ತಿಗೆ ಎಷ್ಟು ರೂಮು ಅನ್ನೋದು, ಕಣ್ಣಿಗೇ ಹೊಡೆಯತ್ತೆ. ಫೋಟೋ ಬೇಕಾದ್ರೆ ಹಾಕ್ತೀನಿ. ಅದಿರ್ಲಿ, ಆ ಡಾಕ್ಟರ ಆವತ್ತಿನ ಪೂರ್ತಿ ಲಿಸ್ಟ್ ಕೊಡಿ.

ರಾತ್ರಿಪಾಳಿ:
ರೂಮ್ 1: 9:05–10:58
ರೂಮ್ 2: 9:30–11:40
ರೂಮ್ 3: 10:10–11:15
ರೂಮ್ 4: 9:50–10:45
ರೂಮ್ 6, ಕ್ಯಾಟರಾಕ್ಟ್: 10:42–11:06. ಇದು ಪ್ರೈವೇಟ್ ಇನ್ಶೂರೆನ್ಸ್, ನನ್ನ ಬ್ಯಾಚೇ ಅಲ್ಲ, ಅದಕ್ಕೇ ಹೇಳಿರ್ಲಿಲ್ಲ.

ಮೂರುಮಾನಿಟರ್: ಅಯ್ಯೋ ಪುಣ್ಯಾತ್ಮ! ಇನ್ಶೂರೆನ್ಸ್ ಯಾರದ್ದಾದ್ರೂ ರೂಮು ಲೆಕ್ಕಕ್ಕೆ ಬರತ್ತೆ. 10:42ರಿಂದ 10:45, ಮೂರು ನಿಮಿಷ ಐದು ರೂಮು. ಒಂದು ನಿಮಿಷ ಮೇಲೆಬಿದ್ರೂ ಸಾಕು. ನಿಮ್ಮ ನಾಲ್ಕಕ್ಕೂ ಎಡಿ, ಅಂದ್ರೆ ಸೂಪರ್‌ವಿಷನ್ ಕೋಡು. ಕ್ಯೂಕೆಯಲ್ಲಿ ಡಾಕ್ಟರಿಗೆ ಪೂರ್ತಿ ದುಡ್ಡಿನ ಅರ್ಧ ಸಿಗ್ತಿತ್ತು; ಎಡಿಯಲ್ಲಿ ಡಾಕ್ಟರಿಗೆ ಕೇಸಿಗೆ ಬರೀ 3 ಬೇಸ್ ಯೂನಿಟ್ (ದುಡ್ಡು ಲೆಕ್ಕ ಹಾಕೋ ಅಳತೆ), ಇಂಡಕ್ಷನ್‌ಗೆ (ಅರಿವಳಿಕೆ ಶುರು ಮಾಡೋವಾಗ) ಇದ್ದದ್ದು ಚಾರ್ಟಲ್ಲಿದ್ರೆ ಇನ್ನೊಂದು ಟೈಮ್ ಯೂನಿಟ್.

ರಾತ್ರಿಪಾಳಿ: ಮೂರು ನಿಮಿಷಕ್ಕಾ! ರೂಮ್ 4ರ ಪೇಷೆಂಟ್ ಆಚೆ ಬಂದಿದ್ದು 10:38 ಅಂತ ನರ್ಸ್ ಬರ್ದಿದಾರೆ. ಅದನ್ನೇ ಎಂಡ್ ಟೈಮ್ ತಗೊಂಡ್ರೆ?

ಮೂರುಮಾನಿಟರ್: ಆಗಲ್ಲ. ಪಿಎಸಿಯುನಲ್ಲಿ (ಆಪರೇಷನ್ ಆದ್ಮೇಲೆ ನೋಡ್ಕೊಳ್ಳೋ ವಾರ್ಡು) ಒಪ್ಪಿಸೋವರೆಗೂ ಅನಸ್ತೇಸಿಯಾ ಟೈಮೇ. 10:45 ಅಂದ್ರೆ 10:45. ಕ್ಲೈಂಟಿಗೆ ಕ್ವೆರಿ ಹಾಕಿ, ಆರನೇ ರೂಮಿಗೆ ಬೇರೆ ಡಾಕ್ಟರು ಕೂತಿದ್ರಾ ಅಂತ.

ರಾತ್ರಿಪಾಳಿ: ಹಾಕ್ದೆ. ಎಡಿ ಆದ್ರೆ ಸಿಆರ್‌ಎನ್‌ಎಗೆ ಏನು?

ಬೇಸ್‌ಯೂನಿಟ್: ಕ್ಯೂಎಕ್ಸೇ.

ಕಾಪಿಬುಕ್: ನಮ್ಮಲ್ಲಿ ಕ್ಯೂಝಡ್ (ಡಾಕ್ಟರ ಡೈರೆಕ್ಷನ್ ಇಲ್ಲದ್ದಕ್ಕಿರೋ ಕೋಡು) ಹಾಕ್ತೀವಿ.

ಬೇಸ್‌ಯೂನಿಟ್: ನಿಮ್ಮಲ್ಲಿ ಬಿಡಿ. @ರಾತ್ರಿಪಾಳಿ, ಆ ಎಮರ್ಜೆನ್ಸ್ ಸಹಿ ಒಂದ್ಸಲ ಇಲ್ಲಿ ಟೈಪ್ ಮಾಡಿ, ನೋಡೇಬಿಡೋಣ.