ತೋಡಿನ ನೀರು ತಿಳಿ ಇದೆ, ಲ್ಯಾಬ್ ರಿಪೋರ್ಟೂ ಸರಿ ಇದೆ. ಆದರೆ ತೋಡು ಆರೋಗ್ಯವಾಗಿದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ಬದಿಯಲ್ಲೇ ತೋಡು, ಅಂದರೆ ಸಣ್ಣ ಹೊಳೆ. ಮಳೆ ಬಿಟ್ಟ ಮೇಲೆ ಅಡಿ ಕಾಣುವಷ್ಟು ತಿಳಿ ನೀರು. ಲ್ಯಾಬಿಗೆ ಕೊಟ್ಟದ್ದರಲ್ಲಿ ಎಲ್ಲ ಸರಿ ಎಂದೇ ಬಂತು. ಆದರೆ ಮೊದಲು ಕಲ್ಲೆತ್ತಿದರೆ ಸಿಗುತ್ತಿದ್ದ ಏಡಿ, ಹುಳಹುಪ್ಪಟೆ ಈಗ ಕಡಿಮೆ. ಒಂದು ಬದಿಯಲ್ಲಿ ನೀರಿನ ಮೇಲೆ ಎಣ್ಣೆಯಂಥ ಪದರ, ಕೆಳಗೆ ಕೆಂಪು ಲೋಳೆ. ಯಾರೋ ಡೀಸೆಲ್ ಬಿಟ್ಟಿದ್ದಾರೆಂದು ಮನೆಯವರ ಅನುಮಾನ. ನಾವೇ ಪರೀಕ್ಷಿಸುವ ದಾರಿ ಉಂಟಾ?

ಉತ್ತರ: ಉಂಟು. ಮೊದಲು ಆ ಎಣ್ಣೆಯ ವಿಷಯ. ಒಂದು ಕಡ್ಡಿಯಿಂದ ಪದರವನ್ನು ಮೆಲ್ಲ ಕದಡಿ. ಗಾಜು ಒಡೆದ ಹಾಗೆ ಚೂರುಚೂರಾಗಿ, ಹಾಗೇ ಬೇರೆಬೇರೆ ತೇಲಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಡೀಸೆಲ್ ಆದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ, ವಾಸನೆಯೂ ಇರುತ್ತದೆ. ನಮ್ಮದು ಮುರಕಲ್ಲಿನ (ಕೆಂಪುಕಲ್ಲಿನ) ಗುಡ್ಡಗಳ ಊರು. ಒಸರಿನಲ್ಲಿ, ಅಂದರೆ ನೆಲದಿಂದ ಜಿನುಗುವ ನೀರಿನಲ್ಲಿ, ಕರಗಿ ಬರುವ ಕಬ್ಬಿಣ ಗಾಳಿ ತಾಗಿದಾಗ ತುಕ್ಕಿನ ಬಣ್ಣದ ಲೋಳೆಯಾಗಿ ಕೂರುತ್ತದೆ. ಒಸರಿನ ಬದಿಯಲ್ಲಿ ಮಾತ್ರ ಇದ್ದರೆ ಹೆದರಬೇಡಿ.

ಹುಳ ಕಡಿಮೆಯಾದದ್ದು ಮಾತ್ರ ನಿಜವಾಗಿ ನೋಡಬೇಕಾದ ವಿಷಯ. ಲ್ಯಾಬ್ ರಿಪೋರ್ಟ್ ಬಾಟಲಿ ತುಂಬಿದ ಹೊತ್ತಿನ ನೀರಿನದ್ದು. ಹಿಂದಿನ ವಾರ ಹರಿದುಹೋದ ಕೊಳಕು ಅದರಲ್ಲಿ ಕಾಣದು. ಕಲ್ಲಿನಡಿಯ ಹುಳಗಳು ತಿಂಗಳುಗಟ್ಟಲೆ ಅಲ್ಲೇ ಬದುಕುತ್ತವೆ, ಬಂದದ್ದನ್ನೆಲ್ಲ ಅನುಭವಿಸುತ್ತವೆ.

ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತ ಹರಿಯುವ ಜಾಗದಲ್ಲಿ ಸಣ್ಣ ಕಣ್ಣಿನ ಬಲೆಯನ್ನು ಹರಿವಿಗೆ ಅಡ್ಡ ಹಿಡಿಯಿರಿ. ಅದರ ಮೇಲ್ಬದಿಯ ಕಲ್ಲುಗಳನ್ನು ಮೂರು ನಿಮಿಷ ಕಾಲಿನಿಂದ ಕದಡಿ, ಬಲೆಗೆ ಬಂದದ್ದನ್ನು ನೀರಿರುವ ಬಿಳಿ ಬೇಸಿನ್ನಿಗೆ ಸುರಿದು ಸ್ವಲ್ಪ ಹೊತ್ತು ಕಾಯಿರಿ. ಹುಡುಕುವುದು ಮುಖ್ಯವಾಗಿ ಮೂರು ಗುಂಪು. ಮೇಫ್ಲೈ ಮರಿಗೆ ಹೊಟ್ಟೆಯ ಎರಡೂ ಬದಿಯಲ್ಲಿ ಕಿವಿರು ಅಲುಗುತ್ತಿರುತ್ತದೆ, ಹಿಂದೆ ಹೆಚ್ಚಾಗಿ ಮೂರು ಬಾಲ. ಸ್ಟೋನ್‌ಫ್ಲೈ ಮರಿಗೆ ಎರಡೇ ಬಾಲ, ಲೆನ್ಸಿನಲ್ಲಿ ನೋಡಿದರೆ ಪ್ರತಿ ಕಾಲಿನ ತುದಿಗೆ ಎರಡು ಉಗುರು. ಕ್ಯಾಡಿಸ್‌ಫ್ಲೈ ಮರಿಗಳಲ್ಲಿ ಕೆಲವು ಮರಳು, ಎಲೆಚೂರು ಅಂಟಿಸಿ ಗೂಡು ಕಟ್ಟಿಕೊಂಡಿರುತ್ತವೆ, ಕೆಲವು ಕಲ್ಲಿಗೆ ಸಣ್ಣ ಬಲೆ ನೇಯುತ್ತವೆ. ಈ ಮೂರರಲ್ಲಿ ಬಗೆಬಗೆಯವು ಸಿಕ್ಕಿದರೆ ತೋಡು ಚೆನ್ನಾಗಿದೆ. ಬರೀ ಕೆಂಪು ದಾರದಂಥ ಹುಳಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ ಇದೆ, ಮೇಲಿನಿಂದ ಕೊಳಚೆ ಸೇರುತ್ತಿದೆ ಎಂದು ಅರ್ಥ. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅಂಥ ನೀರಿನಲ್ಲೂ ಬದುಕುತ್ತವೆ.

ಪ್ರಶ್ನೆ: ನಾವು ಡಿಸೆಂಬರಿನಲ್ಲಿ ನೀರು ನಿಲ್ಲಿಸಲು ತೋಡಿಗೆ ಅಡ್ಡ ಕಟ್ಟ ಹಾಕುತ್ತೇವೆ. ಕಟ್ಟದ ನೀರಿನಲ್ಲಿ ನೋಡಬಹುದಾ ಅಕ್ಕ?

ಉತ್ತರ: ಬೇಡ. ನಿಂತ ನೀರಿನ ಜೀವಿಗಳೇ ಬೇರೆ. ಅಲ್ಲಿ ಸ್ಟೋನ್‌ಫ್ಲೈ ಸಿಗಲಿಲ್ಲವೆಂದು ತೋಡು ಸತ್ತಿತು ಅನ್ನಲಾಗದು. ಹಿನ್ನೀರು ಮುಟ್ಟದ ಮೇಲಿನ ಜಾಗ ಒಂದು, ಕಟ್ಟದಿಂದ ಸಾಕಷ್ಟು ಕೆಳಗೆ ಮತ್ತೆ ಹರಿಯುವ ಜಾಗ ಒಂದು, ಎರಡನ್ನೂ ಹೋಲಿಸಿ. ಜೂನ್, ಜುಲೈಯ ನೆರೆಯಲ್ಲಿ ಹುಳ ಕೊಚ್ಚಿಹೋಗುತ್ತದೆ, ಆಗ ನೋಡಿ ಪ್ರಯೋಜನವಿಲ್ಲ.

ಪ್ರಶ್ನೆ: ನೆಟ್ಟಿನಲ್ಲಿ ಹುಳಕ್ಕೆ ಅಂಕ ಕೊಡುವ ಪಟ್ಟಿ ಸಿಕ್ಕಿತು. ಅದರಂತೆ ನಮ್ಮ ತೋಡಿಗೆ ಕಡಿಮೆ ಅಂಕ.

ಉತ್ತರ: ಅದು ಬ್ರಿಟನ್ನಿನ ಬಿಎಂಡಬ್ಲ್ಯುಪಿ ಪಟ್ಟಿಯೇ ಇರಬೇಕು. ಅದರಲ್ಲಿ ಪ್ರತಿ ಕುಟುಂಬಕ್ಕೆ 1ರಿಂದ 10 ಅಂಕ. ಒಂದು ಹುಳ ಸಿಕ್ಕಿದರೂ ನೂರು ಸಿಕ್ಕಿದರೂ ಅಷ್ಟೇ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ಕ್ರಮವನ್ನು ಇಲ್ಲಿಗೆ ಹೊಂದಿಸಿಕೊಂಡಿದೆ. ಮೊತ್ತಕ್ಕಿಂತ ಸರಾಸರಿ ನೋಡಿ, ಅಂದರೆ ಒಟ್ಟು ಅಂಕವನ್ನು ಸಿಕ್ಕಿದ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ. ಆದರೂ ಅಲ್ಲಿನ ಚಳಿ ಹೊಳೆಗಳ ಅಂಕದಿಂದ ನಮ್ಮ ತೋಡಿಗೆ ತೀರ್ಪು ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ತೋಡಿನದ್ದೇ ತಲೆಭಾಗ, ಕಾಡಿನ ನೆರಳಲ್ಲಿ ಹರಿಯುವ ಜಾಗ, ಅದೇ ಅಳತೆಗೋಲು.

ಪ್ರಶ್ನೆ: ಹುಳ ಚೆನ್ನಾಗಿದ್ದರೆ ಕುಡಿಯಬಹುದಾ? ನಮ್ಮದು ಕಾಸರಗೋಡಿನ ಎಣ್ಮಕಜೆ, ಎಂಡೋಸಲ್ಫಾನ್ ಕೀಟನಾಶಕದ ಹೆದರಿಕೆ ಇನ್ನೂ ಹೋಗಿಲ್ಲ.

ಉತ್ತರ: ನಿಮ್ಮ ಹೆದರಿಕೆಗೆ ಕಾರಣ ಇದೆ. ಗೇರು ತೋಟಗಳಿಗೆ ಅದನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಹುಳ ನೋಡಿ ಆ ಪ್ರಶ್ನೆಗೆ ಉತ್ತರ ಹೇಳಲಾಗದು. ಎಂಡೋಸಲ್ಫಾನ್ ನೀರಿಗಿಂತ ಕೆಸರಿಗೆ ಅಂಟಿಕೊಳ್ಳುವಂಥದ್ದು, ಹಾಗಾಗಿ ತೋಡಿನ ಕೆಸರನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಇರುವ ಲ್ಯಾಬಿನಲ್ಲೇ ಪರೀಕ್ಷಿಸಬೇಕು. ಕುಡಿಯುವ ನೀರಿನ 100 ಮಿಲಿಯಲ್ಲಿ ಇ-ಕೋಲಿ ಒಂದೂ ಇರಬಾರದು. ಅದಕ್ಕೂ ಲ್ಯಾಬೇ ಬೇಕು.

ಪ್ರಶ್ನೆ (ಮೊದಲಿನವರು): ಮೇಡಂ, ಕಡ್ಡಿಯಲ್ಲಿ ನೋಡಿದೆ, ಚೂರುಚೂರಾಯಿತು. ಮೇಲಿನ ಜಾಗದಲ್ಲಿ ಗೂಡಿನ ಹುಳ, ಮೂರು ಬಾಲದ್ದು ಬೇಕಾದಷ್ಟು. ನಮ್ಮ ತೋಟದಿಂದ ಕೆಳಗೆ ಬಹಳ ಕಡಿಮೆ.

ಉತ್ತರ: ಹಾಗಾದರೆ ನಡುವೆ ಏನು ಸೇರುತ್ತದೆ ಎಂದು ಹುಡುಕಿ. ಕೆಂಪುಕಲ್ಲಿನ ಕೋರೆ ಇದ್ದರೆ ಅದರ ಹುಡಿ ಕಲ್ಲುಗಳ ಸಂದು ಮುಚ್ಚಿ ಹುಳಗಳಿಗೆ ಜಾಗವಿಲ್ಲದಂತೆ ಮಾಡುತ್ತದೆ. ಜೆಸಿಬಿ ತಂದು ಬದಿಯ ಕೇದಗೆ ಕಿತ್ತಿದ್ದರೂ ಹೀಗಾಗುತ್ತದೆ; ನೆರಳು, ಉದುರುವ ಎಲೆ ಎರಡೂ ಹೋಗುತ್ತವೆ. ದಯವಿಟ್ಟು ಉಳಿದ ಕೇದಗೆ ಕಡಿಯಬೇಡಿ.

ಇನ್ನೊಂದು, ಅಡಿಕೆಗೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವಾಗ ಡ್ರಮ್ ಎಲ್ಲಿ ತೊಳೆಯುತ್ತೀರಿ? ಒಂದು ಪರ್ಸೆಂಟ್ ಬೋರ್ಡೋ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಆ ತಾಮ್ರ ನೀರಿನ ಹುಳ, ಬಸವನಹುಳು, ಮೀನಿಗೆಲ್ಲ ವಿಷ, ಅದರಲ್ಲೂ ಸುಣ್ಣದಂಶ ಕಡಿಮೆ ಇರುವ ಮೆದು ನೀರಿನಲ್ಲಿ ಹೆಚ್ಚು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬೇಕೇ ಬೇಕು, ಸಿಂಪಡಿಸಬೇಡಿ ಎಂದು ನಾನು ಹೇಳುವುದಿಲ್ಲ. ಡ್ರಮ್, ಗನ್, ಪೈಪು ತೊಳೆದ ನೀರು ಮಾತ್ರ ತೋಡಿಗೆ ಹೋಗದಂತೆ ತೋಟದ ಎತ್ತರದ ಜಾಗದಲ್ಲಿ ಒಂದು ಗುಂಡಿ ಮಾಡಿ. ಬರುವ ಜನವರಿಯಲ್ಲಿ ಅದೇ ಎರಡು ಜಾಗದಲ್ಲಿ ಮತ್ತೆ ಬಲೆ ಹಿಡಿದು ಬೇಸಿನ್ನಿನ ಫೋಟೋ ಇಲ್ಲಿ ಹಾಕಿ, ಗುರುತಿಸಿ ಕೊಡುತ್ತೇನೆ.