ಸಾರುವುದೋ, ಹಂಚಿಕೊಳ್ಳುವುದೋ, ಹೇಳಿಕೊಳ್ಳುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಮ್ಮ ಕ್ರೈಸ್ತ ಸಭೆಯ ಹುಡುಗ ಹುಡುಗಿಯರಿಗಾಗಿ ಬರೆದ ಒಂದು ಸಣ್ಣ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ನೆರೆಹೊರೆಯ ಲಿಂಗಾಯತರು, ಮುಸ್ಲಿಮರು, ಕಾಲೇಜಿನ ಗೆಳೆಯರು ಕ್ರಿಸ್ತನ ಬಗ್ಗೆ ಕೇಳಿದರೆ ಹೇಗೆ ಮಾತಾಡಬೇಕು ಅನ್ನುವುದು ವಿಷಯ. ಆ ಮಾತಾಡುವ ಕೆಲಸಕ್ಕೆ ಒಂದು ಒಳ್ಳೆಯ ಕ್ರಿಯಾಪದ ಬೇಕಾಗಿದೆ.

ಕರಡಿನಲ್ಲಿ ಎಲ್ಲ ಕಡೆ ‘ನಂಬಿಕೆಯನ್ನು ಹಂಚಿಕೊಳ್ಳುವುದು’ ಎಂದಿದೆ. ನನಗೆ ಇದು ಹಿಡಿಸಲಿಲ್ಲ. ಗುಳೇದಗುಡ್ಡದ ನಮ್ಮ ಕಡೆ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುತ್ತಾರೆ, ಮನೆ ಹಂಚಿಕೊಳ್ಳುತ್ತಾರೆ. ಹಂಚಿಕೊಂಡ ಮೇಲೆ ಒಬ್ಬೊಬ್ಬರ ಪಾಲು ಸಣ್ಣದಾಗುತ್ತದೆ. ಸುದ್ದಿ, ಫೋಟೊ ಹಂಚಿಕೊಳ್ಳುವುದು ಈಚಿನ ಬಳಕೆ, ಅದು ಬೇರೂರಿಬಿಟ್ಟಿದೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ವಯಸ್ಸಾದವರ ಬಾಯಲ್ಲಿ ನಂಬಿಕೆ ಹಂಚಿಕೊಂಡೆವು ಅನ್ನುವ ಮಾತನ್ನು ನಾನು ಕೇಳಿಲ್ಲ.

ಹಳೆಯ ಪದ ‘ಸಾರು’. ಕನ್ನಡ ಬೈಬಲಿನಲ್ಲಿ ಸುವಾರ್ತೆಯನ್ನು ಸಾರುತ್ತಾರೆ. (ಕೆಥೋಲಿಕರಲ್ಲಿ ಸುವಾರ್ತೆಗೆ ಶುಭಸಂದೇಶ ಎನ್ನುತ್ತಾರೆ.) ಅನುವಾದಕರ ಆಯ್ಕೆ ಸರಿಯಾಗಿಯೇ ಇದೆ. ಮೂಲ ಗ್ರೀಕಿನಲ್ಲಿ ಇರುವುದು ರಾಜನ ಆಜ್ಞೆಯನ್ನು ಬೀದಿಯಲ್ಲಿ ನಿಂತು ಕೂಗಿ ಹೇಳುವವನ ಕೆಲಸ. ನಮ್ಮಲ್ಲಿ ಹಲಗಿ ಬಡಿದು ಡಂಗುರ ಸಾರುವುದೂ ಅದೇ. ಡಂಗುರ ಸಾರುವವನು ಎದುರಿಗಿದ್ದವನ ಮಾತು ಕೇಳಲು ನಿಲ್ಲುವುದಿಲ್ಲ, ಮುಂದಿನ ಓಣಿಗೆ ಹೋಗುತ್ತಾನೆ. 1820ರಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಗೆ, 1851ರಲ್ಲಿ ಬಾಸೆಲ್ ಮಿಷನ್ನಿನವರು ಗುಳೇದಗುಡ್ಡಕ್ಕೆ ಬಂದಾಗ ಸಂತೆ ಜಾತ್ರೆಗಳಲ್ಲಿ ನಿಂತು ಹೇಳುವುದೇ ರೂಢಿ. ಅದಕ್ಕೆ ಸಾರುವುದು ಒಪ್ಪುತ್ತಿತ್ತು. ಒಂದೇ ಬೆಂಚಿನ ಗೆಳತಿಗೆ ಯಾರೂ ಸಾರುವುದಿಲ್ಲ.

ಇಲ್ಲೊಂದು ಪಕ್ಕದ ಮಾತು. ಹಳಗನ್ನಡದಲ್ಲಿ ಕೂಗಿ ಹೇಳು ಎಂಬ ಅರ್ಥದ ‘ಸಾಱು’ ಶಕಟರೇಫದ್ದು, ಅಂದರೆ ಱ ಎಂಬ ಹಳೆಯ ಅಕ್ಷರದ್ದು. ಹತ್ತಿರ ಹೋಗು ಎಂಬ ಅರ್ಥದ ‘ಸಾರ್’ ಬೇರೆಯೇ ಧಾತು. ಱಕಾರ ಬಿದ್ದುಹೋದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ನನಗೆ ಬೇಕಾದ ಅರ್ಥ ಆ ಎರಡನೆಯದರ ಕಡೆಗಿದೆ, ಆದರೆ ಇವತ್ತಿನ ಓದುಗರಿಗೆ ಅದು ಕೇಳಿಸುವುದಿಲ್ಲ.

‘ಪ್ರಚಾರ’ದ ಗತಿ ಬೇರೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ, ತನ್ನ ಧರ್ಮದ ತತ್ವಗಳನ್ನು ವಿವರಿಸಿ ತಿಳಿಸುವುದಷ್ಟೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಅಂದರೆ ಕಾನೂನಿನಲ್ಲಿ ಪ್ರಚಾರವೂ ಮತಾಂತರವೂ ಬೇರೆ ಬೇರೆ. ಜನರ ಕಿವಿಯಲ್ಲಿ ಎರಡೂ ಕಲೆತುಹೋಗಿವೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಒಪ್ಪಿದ ವಿಧೇಯಕದ ಹೆಸರಿನಲ್ಲಿ ಇದ್ದದ್ದು ‘ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ’. ಪತ್ರಿಕೆಗಳಲ್ಲಿ ಅದು ‘ಮತಾಂತರ ನಿಷೇಧ’ ಆಯಿತು, ಆ ಹೆಸರೇ ಉಳಿಯಿತು. ಅಂದಿನಿಂದ ದೇವರ ಬಗ್ಗೆ ನಾಲ್ಕು ಮಾತು ಆಡಿದರೂ ಮತಾಂತರ ಅನ್ನುವ ಪದವೇ ಮೊದಲು ಬರುತ್ತದೆ. ನಮ್ಮ ಮಕ್ಕಳು ಬಾಯಿ ತೆರೆಯಲು ಅಂಜುತ್ತಾರೆ, ಇದು ನನಗೆ ನೋವಿನ ಸಂಗತಿ. ಆಮಿಷ ಒಡ್ಡುವುದು, ಹೆದರಿಸುವುದು ಯಾರು ಮಾಡಿದರೂ ತಪ್ಪೇ. ಕೇಳಿದವರಿಗೆ ಉತ್ತರ ಕೊಡುವುದನ್ನು ಅದರ ಜೊತೆ ಸೇರಿಸಬಾರದು. ಪೇತ್ರನ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಇರುವ ಮಾತೂ ಅದೇ: ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಬೇಕು, ಆದರೆ ಸಾತ್ವಿಕವಾಗಿ ಹೇಳಬೇಕು.

‘ಪ್ರವಚನ’ ಎಂಬ ಸಲಹೆಯೂ ಬಂತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಎಲ್ಲ ಜಾತಿ ಧರ್ಮದವರೂ ಹೋಗಿ ಕೂಡುತ್ತಿದ್ದರು. ಬೈಲಹೊಂಗಲ ತಾಲ್ಲೂಕಿನ ದೇಶನೂರಿನಲ್ಲಿ ಜೆಸ್ವಿಟ್ ಪಾದ್ರಿಗಳು ಕಾವಿ ಉಟ್ಟು, ತಮ್ಮ ನೆಲೆಯನ್ನು ವಿರಕ್ತ ಮಠ ಎಂದೇ ಕರೆದದ್ದೂ ಈ ನಾಡಿನ ರೀತಿಯಲ್ಲಿ ಮಾತಾಡಬೇಕೆಂದೇ. ಆದರೆ ಪ್ರವಚನಕ್ಕೆ ಗುರುಪೀಠ ಬೇಕು. ಪಿಯುಸಿ ಓದುವ ಹುಡುಗಿ ಪ್ರವಚನ ಹೇಳಿದಳು ಎಂದು ಬರೆಯಲಾಗದು.

ಉಳಿದದ್ದು ‘ಸಾಕ್ಷಿ’. ಸಭೆಯ ಒಳಗೆ ಇದು ನಿತ್ಯದ ಮಾತು: ಭಾನುವಾರ ಒಬ್ಬರು ಎದ್ದು ನಿಂತು ಕುಡಿತ ಬಿಟ್ಟದ್ದನ್ನೋ ಜಡ್ಡು ವಾಸಿಯಾದದ್ದನ್ನೋ ಹೇಳಿದರೆ ‘ಸಾಕ್ಷಿ ಹೇಳಿದರು’ ಅನ್ನುತ್ತೇವೆ. ನಂಬಿಕೆಗಾಗಿ ಪ್ರಾಣ ಕೊಟ್ಟವರು ರಕ್ತಸಾಕ್ಷಿಗಳು. ಅರ್ಥದಲ್ಲಿ ಇದರಷ್ಟು ಸರಿಯಾದ ಪದ ಇನ್ನೊಂದಿಲ್ಲ. ಸಾಕ್ಷಿಯಾದವನು ಕಂಡದ್ದನ್ನು ಹೇಳಿ ಕಟಕಟೆ ಇಳಿಯುತ್ತಾನೆ, ತೀರ್ಮಾನ ಕೇಳಿದವರದು. ಸಭೆಯ ಹೊರಗೆ ಮಾತ್ರ ‘ಸಾಕ್ಷಿ ಹೇಳಿದೆ’ ಅಂದರೆ ಕೋರ್ಟು, ವಕೀಲರು ನೆನಪಾಗುತ್ತಾರೆ.

ಈಗ ನನ್ನ ಮನಸ್ಸಿನಲ್ಲಿರುವ ಪದ: ‘ಹೇಳಿಕೊಳ್ಳುವುದು’. ಕಷ್ಟಸುಖ ಹೇಳಿಕೊಳ್ಳುತ್ತೇವಲ್ಲ, ಆ ಹೇಳಿಕೊಳ್ಳುವುದು. ‘ಕೊಳ್ಳು’ ಸೇರಿದ ಕೂಡಲೇ ಮಾತು ಹೇಳುವವನ ಸ್ವಂತದ್ದಾಗುತ್ತದೆ, ಕೇಳುವವನ ಮೇಲೆ ಹೇರಿಕೆ ಇರುವುದಿಲ್ಲ.

ಇದರ ಜೊತೆ ಬರುವ ವಿಭಕ್ತಿಯ ಬಗ್ಗೆಯೂ ಕೇಳಬೇಕು. ನಮ್ಮ ಓಣಿಯಲ್ಲಿ ಖಣ ನೇಯುವ ಮನೆಯ ಹಿರಿಯಮ್ಮ ಒಬ್ಬರಿದ್ದಾರೆ, ಕೊರಳಲ್ಲಿ ಲಿಂಗ, ಕೈಯಲ್ಲಿ ಯಾವಾಗಲೂ ನೂಲಿನ ಕಂಡಿಕೆ ಸುತ್ತುವ ಕೆಲಸ. ಕ್ರಿಸ್ಮಸ್ ಫರಾಳ ಕೊಡಲು ಹೋದಾಗ ರಾಟೆ ನಿಲ್ಲಿಸಿ ಕೇಳಿದರು: “ಅಲ್ಲವಾ, ನಿಮ್ಮ ಸ್ವಾಮಿ ಅಷ್ಟು ಶಕ್ತಿ ಇದ್ದಾಂವ ಶಿಲುಬಿ ಮ್ಯಾಲಿಂದ ಯಾಕ ಇಳೀಲಿಲ್ಲ? ನನ್ನ ಮುಂದ ಸ್ವಲ್ಪ ಬಿಡಿಸಿ ಹೇಳು.” ಹೇಳಿದೆ. ಅವರೂ ಬಸವಣ್ಣನವರು ಕಲ್ಯಾಣ ಬಿಟ್ಟು ಸಂಗಮಕ್ಕೆ ಬಂದ ಕತೆ ನನ್ನ ಮುಂದೆ ಹೇಳಿದರು. ರಾಟೆ ಬಹಳ ಹೊತ್ತು ತಿರುಗಲಿಲ್ಲ.

‘ನನಗ ಹೇಳು’ ಎನ್ನದೆ ‘ನನ್ನ ಮುಂದ ಹೇಳು’ ಎನ್ನುವುದು ನಮ್ಮ ಕಡೆಯ ಸಹಜ ಮಾತು. ‘ನನಗೆ ಹೇಳು’ ಎಂಬಲ್ಲಿ ಮಾತು ಒಬ್ಬರಿಂದ ಇನ್ನೊಬ್ಬರಿಗೆ ಸಲ್ಲುತ್ತದೆ, ‘ಮುಂದ’ ಅಂದಾಗ ಇಬ್ಬರೂ ಎದುರುಬದರು ಕೂತಿರುತ್ತಾರೆ. ಮತ್ತಾಯನ ಹತ್ತನೆಯ ಅಧ್ಯಾಯದಲ್ಲಿ ಯೇಸು ಮನುಷ್ಯರ ‘ಮುಂದೆ’ ತನ್ನನ್ನು ಒಪ್ಪಿಕೊಳ್ಳುವವರ ಬಗ್ಗೆ ಆಡಿದ ಮಾತಿನಲ್ಲೂ ಇದೇ ಪದ ಇದೆ. ಹಾಗಾಗಿ ‘ಬೇರೆ ನಂಬಿಕೆಯವರ ಮುಂದೆ ನಮ್ಮ ನಂಬಿಕೆಯನ್ನು ಹೇಳಿಕೊಳ್ಳುವುದು’ ಎಂದು ತಿದ್ದಬೇಕೆಂದಿದ್ದೇನೆ.

ನನ್ನ ಅನುಮಾನ ಇಷ್ಟು. ಮೈಸೂರು, ಮಂಗಳೂರು ಕಡೆಯ ಓದುಗರಿಗೆ ‘ಮುಂದೆ ಹೇಳು’ ಅಂದರೆ ‘ನಂತರ ಹೇಳು’ ಎಂದು ಕೇಳಿಸುತ್ತದೆಯೇ? ‘ಹೇಳಿಕೊಳ್ಳು’ ಎಂಬುದಕ್ಕೆ ಬಡಾಯಿ ಕೊಚ್ಚಿಕೊಳ್ಳುವ ಛಾಯೆಯೂ ಇದೆ (‘ದೊಡ್ಡವನು ಅಂತ ಹೇಳಿಕೊಳ್ಳುತ್ತಾನೆ’), ಅದು ಇಲ್ಲಿ ಅಡ್ಡ ಬಂದೀತೇ? ಖಾನಾಪುರ, ಇಂಡಿ, ಜಮಖಂಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ಬೇರೆ ಪದ ಇದ್ದರೆ ವಾಕ್ಯದ ಸಮೇತ ಬರೆಯಿರಿ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ.