ಲಯನ್ಸ್ ಮೇನ್ ಅಣಬೆಗೆ ಮುಳ್ಳುಗಳೇ ಬರುತ್ತಿಲ್ಲ, ಹವಳದಂತೆ ಕವಲೊಡೆಯುತ್ತಿದೆ

ಪ್ರಶ್ನೆ:
ನಮಸ್ಕಾರ. ಮರದ ಹೊಟ್ಟಿಗೆ ಗೋಧಿ ತೌಡು ಬೆರೆಸಿ ತುಂಬಿದ ಚೀಲಗಳಲ್ಲಿ ಲಯನ್ಸ್ ಮೇನ್ ಬೆಳೆಸುತ್ತಿದ್ದೇನೆ. ಚೀಲ ಸೀಳಿದ ಕಡೆ ಅಣಬೆ ಮೂಡಿದೆ. ಆದರೆ ಅದು ದುಂಡಾಗುವ ಬದಲು ಬೆರಳುಗಳ ಹಾಗೆ ಕವಲೊಡೆದು ಉದ್ದವಾಗುತ್ತಿದೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ತೇವಾಂಶ 90%, ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ದಿನವೂ ನೀರು ಸಿಂಪಡಿಸುತ್ತೇನೆ. ಒಂದರ ತುದಿ ಹಳದಿಯಾಗಿದೆ. ಇದು ರೋಗವೇ? ಚೀಲಗಳನ್ನು ಎಸೆಯಬೇಕೇ?

ಉತ್ತರ:
ದಯವಿಟ್ಟು ಎಸೆಯಬೇಡಿ. ನಿಮ್ಮ ಉಷ್ಣತೆ, ತೇವಾಂಶ ಎರಡೂ ಸರಿಯಾಗಿವೆ. ಕೊರತೆ ಇರುವುದು ಗಾಳಿಯದು. ಅಣಬೆಯೂ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಅದು ತುಂಬಿಕೊಂಡಾಗ ಈ ಜಾತಿ ಮುಳ್ಳು (ಕೆಳಗೆ ಜೋತುಬೀಳುವ ಮೃದುವಾದ ಕಡ್ಡಿಗಳು) ಬಿಡುವುದನ್ನು ಬಿಟ್ಟು ಕವಲೊಡೆಯುತ್ತದೆ. ಹೊರಗಿನ ಗಾಳಿಯಲ್ಲಿ ಅದರ ಪ್ರಮಾಣ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ). ಅಣಬೆ ಇರುವಲ್ಲಿ 1000 ದಾಟದಂತೆ ನೋಡಿಕೊಳ್ಳಿ. ಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ, ಅಣಬೆಯ ಆಕಾರವೇ ಹೇಳುತ್ತದೆ.

ಡಬ್ಬಿಯ ಎದುರುಬದುರು ಬದಿಗಳಲ್ಲಿ, ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ರಂಧ್ರ ಕೊರೆಯಿರಿ. ದಿನಕ್ಕೆ ಕೆಲವು ಬಾರಿ ಮುಚ್ಚಳ ತೆಗೆದು ಗಾಳಿ ಬೀಸಿ. ಫ್ಯಾನ್ ಮಾತ್ರ ನೇರವಾಗಿ ಹಿಡಿಯಬೇಡಿ, ಒಣಗಿಹೋಗುತ್ತದೆ. ಗಾಳಿ ಹೆಚ್ಚಿದಂತೆ ತೇವ ಇಳಿಯುತ್ತದೆ. ಆದ್ದರಿಂದ ನೀರನ್ನು ಡಬ್ಬಿಯ ಗೋಡೆಗಳಿಗೆ ಸಿಂಪಡಿಸಿ, ಅಣಬೆಯ ಮೇಲೆ ಬೇಡ.

ಹಳದಿಯಾದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಗರಿಗರಿಯಾಗಿದ್ದರೆ ಆ ತುದಿಗೆ ಮಾತ್ರ ತೇವ ಸಾಲದು. ಮೆತ್ತಗೆ, ಲೋಳೆಯಾಗಿ, ಹುಳಿ ವಾಸನೆ ಬಂದರೆ ನೀರು ನಿಂತು ಬ್ಯಾಕ್ಟೀರಿಯಾ ಸೇರಿದೆ, ಅಂಥದ್ದನ್ನು ತಿನ್ನಬಾರದು. ಚೀಲದಲ್ಲಿ ಹಸಿರು ಬೂಷ್ಟು ಕಂಡರೆ ಆ ಚೀಲವನ್ನು ಕೂಡಲೇ ಬೇರೆ ಮಾಡಿ. ಚೀಲದೊಳಗೆ ಬೇರಿನಂತೆ ಹರಡಿದ ಬಿಳಿ ಎಳೆಗಳು ತೆಳುವಾಗಿವೆ ಎಂದು ಮಾತ್ರ ಗಾಬರಿಯಾಗಬೇಡಿ, ಲಯನ್ಸ್ ಮೇನ್‌ನ ಎಳೆಗಳು ಇರುವುದೇ ಹಾಗೆ.

ಪ್ರಶ್ನೆ:
ತುಂಬಾ ಧನ್ಯವಾದಗಳು. ತುದಿ ಗರಿಗರಿಯಾಗಿಯೇ ಇದೆ, ವಾಸನೆಯಿಲ್ಲ. ಕವಲೊಡೆದದ್ದನ್ನು ತಿನ್ನಬಹುದೇ? ನೆನಪಿನ ಶಕ್ತಿಗೆ ಒಳ್ಳೆಯದು ಎನ್ನುತ್ತಾರಲ್ಲ, ತಂದೆಯವರಿಗೆ ಕೊಡಬೇಕೆಂದಿದ್ದೇನೆ.

ಉತ್ತರ:
ಧಾರಾಳವಾಗಿ ತಿನ್ನಬಹುದು, ಆಕಾರ ಕೆಟ್ಟಿದೆಯೇ ಹೊರತು ಅಣಬೆ ಕೆಟ್ಟಿಲ್ಲ. ಈಗಲೇ ಕೊಯ್ದರೆ ಚೀಲ ಎರಡನೇ ಬೆಳೆಗೆ ಅಣಿಯಾಗುತ್ತದೆ. ಮುಂದಿನ ಬೆಳೆಯನ್ನು ಮುಳ್ಳುಗಳು ಸುಮಾರು 1 ಸೆಂಟಿಮೀಟರ್ ಆದಾಗ, ಬಿಳಿಯಾಗಿರುವಾಗಲೇ ಕೊಯ್ಯಿರಿ. ಬಲಿತು ಹಳದಿಯಾದರೆ ಕಹಿ. ಸ್ಪಂಜಿನಂತೆ ನೀರು ಹಿಡಿದಿರುತ್ತದೆ, ಆದ್ದರಿಂದ ಬಿಲ್ಲೆಗಳಾಗಿ ಕತ್ತರಿಸಿ, ಬಾಣಲೆಯಲ್ಲಿ ಎಣ್ಣೆಯಿಲ್ಲದೆ ಒತ್ತಿ ನೀರು ಇಂಗಿಸಿ, ಆಮೇಲೆ ಎಣ್ಣೆ ಅಥವಾ ಬೆಣ್ಣೆ ಹಾಕಿ ಹೊಂಬಣ್ಣ ಬರುವವರೆಗೆ ಹುರಿಯಿರಿ.

ನೆನಪಿನ ಶಕ್ತಿಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. 2009ರಲ್ಲಿ ಜಪಾನಿನ ಅಧ್ಯಯನವೊಂದು ಪ್ರಕಟವಾಯಿತು. ಸೌಮ್ಯ ಮರೆವಿದ್ದ, 50ರಿಂದ 80 ವರ್ಷದ ಸುಮಾರು 30 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 3 ಗ್ರಾಂ ಈ ಅಣಬೆಯ ಒಣಪುಡಿಯನ್ನು 16 ವಾರ ಕೊಟ್ಟರು. ಪರೀಕ್ಷೆಯಲ್ಲಿ ಅವರ ಅಂಕಗಳು ಏರಿದವು, ನಿಲ್ಲಿಸಿದ ನಾಲ್ಕು ವಾರಗಳಲ್ಲೇ ಇಳಿದವು. ಇಷ್ಟು ಚಿಕ್ಕ ಗುಂಪನ್ನು ನೋಡಿ ಇದನ್ನು ಔಷಧಿ ಎಂದು ನಂಬಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಊಟದ ಜೊತೆ ಕೊಡಿ, ಮೊದಲ ಸಲ ಚಿಕ್ಕ ತುಂಡು ಸಾಕು. ತುರಿಕೆ ಅಥವಾ ಉಸಿರಾಟದ ತೊಂದರೆ ಕಂಡರೆ ನಿಲ್ಲಿಸಿ ವೈದ್ಯರ ಬಳಿ ಹೋಗಿ. ತಂದೆಯವರು ಸಕ್ಕರೆ ಕಾಯಿಲೆಗೋ ರಕ್ತ ತೆಳುವಾಗಿಸಲೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪುಡಿ ಆರಂಭಿಸುವ ಮುನ್ನವೇ ವೈದ್ಯರನ್ನು ಕೇಳಿ.